ಸೊಂಟದೊಳಗಿನ ಹೋಲ್ಸ್ಟರ್: ತೊಗಲೋ, ಪ್ಲಾಸ್ಟಿಕ್ಕೋ, ಬಟ್ಟೆಯೋ?

ಕೊಲ್ಹಾಪುರ: ಲಕ್ಷ ರೂಪಾಯಿ ಕೊಟ್ಟು ರಿವಾಲ್ವರ್ ಕೊಳ್ಳುವವರು ಅದನ್ನು ಇಟ್ಟುಕೊಳ್ಳುವ ಚೀಲವನ್ನು ಮಾತ್ರ ಅಂಗಡಿಯವ ಕೊಟ್ಟದ್ದೇ ಸಾಕು ಎಂದು ತರುತ್ತಾರೆ. ಕೆಲವರು ಅದೂ ಬೇಡವೆಂದು ಪ್ಯಾಂಟಿನ ಅಂಚಿಗೆ ಹಾಗೇ ಸಿಕ್ಕಿಸಿಕೊಳ್ಳುತ್ತಾರೆ. ಎರಡೂ ಅಪಾಯವೇ. ಬೆಳ್ಳಿ ಬಂಗಾರದ ವ್ಯಾಪಾರಿ ಇರಲಿ, ಸೂತಿನ ವ್ಯಾಪಾರಿ ಇರಲಿ, ನಿವೃತ್ತ ಸೈನಿಕ ಇರಲಿ, ಆತ್ಮರಕ್ಷಣೆಗೆಂದು ಪರವಾನಗಿ ಪಡೆದ ಆಯುಧವನ್ನು ದಿನವಿಡೀ ಮೈಮೇಲೆ ಇಟ್ಟುಕೊಳ್ಳುವವರು ಹೋಲ್ಸ್ಟರ್ ಯಾವ ವಸ್ತುವಿನದು ಎಂಬುದನ್ನು ತಿಳಿದು ಕೊಳ್ಳುವುದು ಒಳ್ಳೆಯದು. ಕೊಲ್ಹಾಪುರದ ಮಳೆ, ಇಚಲಕರಂಜಿಯ ಬೇಸಿಗೆಯ ಸೆಕೆ, ಗಡಹಿಂಗ್ಲಜ ಕಡೆಯ ಬೈಕ್ ಸವಾರಿ, ಇವು ಮೂರನ್ನೂ ತಾಳಿಕೊಳ್ಳುವ ಹೋಲ್ಸ್ಟರ್ ಯಾವುದು ಎಂಬುದರ ವಿವರ ಇಲ್ಲಿದೆ.

ಮೊದಲು ಸುರಕ್ಷತೆ, ಆಮೇಲೆ ಆರಾಮ

ಹೋಲ್ಸ್ಟರ್ ಮಾಡಬೇಕಾದ ಕೆಲಸ ಮೂರು. ಒಂದು, ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಬೆರಳಾಗಲಿ, ಅಂಗಿಯ ಚುಂಗಾಗಲಿ, ಪಾಯಿಜಾಮದ ಲಾಡಿಯಾಗಲಿ ಅದಕ್ಕೆ ತಾಗಬಾರದು. ಎರಡು, ಬಗ್ಗಿದಾಗ, ಓಡಿದಾಗ, ಗಾಡಿ ಕುಲುಕಿದಾಗ ಆಯುಧ ಜಾರಬಾರದು. ಮೂರು, ಆಯುಧ ಹೊರತೆಗೆದ ಮೇಲೂ ಚೀಲದ ಬಾಯಿ ತೆರೆದೇ ಇರಬೇಕು. ಬಾಯಿ ಮುಚ್ಚಿಕೊಂಡರೆ ಮತ್ತೆ ಒಳಗಿಡುವಾಗ ಅಂಚು ಮಡಚಿ ಟ್ರಿಗರಿನ ಒಳಗೆ ಸೇರಬಹುದು. ಸವೆದು ಮೆತ್ತಗಾದ ತೊಗಲಿನ ಅಂಚು ಟ್ರಿಗರ್ ಒತ್ತಿ, ತೊಟ್ಟವನ ತೊಡೆಗೇ ಗುಂಡು ತಗಲಿದ ಘಟನೆ ಅಮೆರಿಕದಲ್ಲಿ ನಡೆದಿದೆ.

ಈ ಮೂರರಲ್ಲಿ ಒಂದು ತಪ್ಪಿದರೂ ಆ ಹೋಲ್ಸ್ಟರ್ ಎಷ್ಟೇ ಆರಾಮವಾಗಿದ್ದರೂ ಬೇಡ. ಮೂರೂ ಸರಿಯಿದ್ದವುಗಳಲ್ಲಿ ಮಾತ್ರ ಆರಾಮದ ವಿಚಾರ ಮಾಡಬೇಕು.

ತೂಕದ ಲೆಕ್ಕವೂ ಮುಖ್ಯ. ಕಾನಪುರದಲ್ಲಿ ತಯಾರಾಗಿ 2014ರಲ್ಲಿ ಮಾರುಕಟ್ಟೆಗೆ ಬಂದ .32 ಬೋರಿನ ನಿರ್ಭೀಕ್ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. 2023ರಲ್ಲಿ ಬಂದ ಅದೇ ಬೋರಿನ ಪ್ರಬಲ್, ಗುಂಡುಗಳನ್ನು ಬಿಟ್ಟು, ಸುಮಾರು 700 ಗ್ರಾಂ. ಮುಕ್ಕಾಲು ಕಿಲೋದಷ್ಟು ಕಬ್ಬಿಣ ಸೊಂಟದ ಒಂದೇ ಬದಿಗೆ ಹತ್ತು ಹನ್ನೆರಡು ತಾಸು ಜೋತುಬಿದ್ದರೆ ಮೂಳೆಗೆ ನೋವಾಗುವುದು ಸಹಜ. ಅದರಲ್ಲೂ ರಿವಾಲ್ವರಿನ ಗುಂಡು ತುಂಬುವ ಉರುಳೆ ಉಬ್ಬಿಕೊಂಡಿರುವುದರಿಂದ, ಒಳಸೊಂಟದಲ್ಲಿ ಚುಚ್ಚುವುದು ಹೆಚ್ಚಾಗಿ ಅದೇ.

ತೊಗಲು

ಕೊಲ್ಹಾಪುರಕ್ಕೂ ತೊಗಲಿಗೂ ಇರುವ ನಂಟು ಹೇಳಬೇಕಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಸೇರಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಈ ಭಾಗದ ಹಳೆಯ ಪದ್ಧತಿಯಲ್ಲಿ ಜಾಲಿಯ ತೊಗಟೆ ಮತ್ತು ಅಳಲೆಕಾಯಿ, ಅಂದರೆ ಮರಾಠಿಯ ಬಾಭೂಳ ಮತ್ತು ಹಿರಡಾ, ಇವುಗಳ ಒಗರಿನಲ್ಲಿ ತೊಗಲನ್ನು ಹದ ಮಾಡುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಒಗರು ನೀರು ತುಂಬಿ ತೂಗುಹಾಕುವ ಪದ್ಧತಿಯೂ ಇಲ್ಲಿದೆ.

ಹೋಲ್ಸ್ಟರಿಗೆ ಬೇಕಾದದ್ದು ಇಂಥ ತೊಗಟೆ ಹದದ ತೊಗಲೇ. ನೀರಿನಲ್ಲಿ ನೆನೆಸಿ ಅಚ್ಚಿನ ಮೇಲೆ ಒತ್ತಿ ಒಣಗಿಸಿದರೆ ಅದು ಆಯುಧದ ಆಕಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈ ಬಿಸಿಗೆ ನಾಲ್ಕಾರು ವಾರಗಳಲ್ಲಿ ಸೊಂಟದ ಆಕಾರಕ್ಕೂ ಬಗ್ಗುತ್ತದೆ. ಸದ್ದಿಲ್ಲ, ಚುಚ್ಚುವುದಿಲ್ಲ. ಆರಾಮದ ವಿಷಯದಲ್ಲಿ ಇದಕ್ಕೇ ಮೊದಲ ಸ್ಥಾನ. ಮೂರು ಮಿ.ಮೀ. ಆಸುಪಾಸಿನ ದಪ್ಪ ಸಾಕು. ಚಪ್ಪಲಿಯ ಅಟ್ಟೆಗೆ ಬಳಸುವ ಎಮ್ಮೆ ತೊಗಲು ಒಳಸೊಂಟಕ್ಕೆ ದಪ್ಪವಾಯಿತು. ಅದನ್ನು ಹೆರೆದು ತೆಳುವಾಗಿಸಿಕೊಳ್ಳಬೇಕಾಗುತ್ತದೆ.

ಕ್ರೋಮ್ ಹದದ ತೊಗಲು ಬೇರೆ. ಪರ್ಸು, ಜಾಕೆಟ್, ಬ್ಯಾಗುಗಳಿಗೆ ಅದು ಚೆನ್ನ. ಮೆತ್ತಗಿರುವುದರಿಂದ ಆಕಾರ ನಿಲ್ಲುವುದಿಲ್ಲ. ಚೀಲದ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ. ಅಗ್ಗವೆಂದು ಇದನ್ನು ಕೊಳ್ಳುವುದು ಸರಿಯಲ್ಲ.

ತೊಗಲಿನ ದೊಡ್ಡ ಕೊರತೆ ನೀರು ಮತ್ತು ಬೆವರು. ತೊಗಲು ಬೆವರನ್ನು ಹೀರಿ ಉಪ್ಪನ್ನು ಒಳಗೇ ಇಟ್ಟುಕೊಳ್ಳುತ್ತದೆ. ತೊಗಟೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿಯಿಂದ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಒದ್ದೆ ತೊಗಲಿನಲ್ಲಿ ರಾತ್ರಿಯಿಡೀ ಬಿಟ್ಟ ರಿವಾಲ್ವರಿಗೆ ಕಲೆ, ಆಮೇಲೆ ತುಕ್ಕು ಬರುವುದು ಹೀಗೆ. ಆದ್ದರಿಂದ ಮನೆಗೆ ಬಂದ ಮೇಲೆ ಆಯುಧವನ್ನು ತೊಗಲಿನ ಚೀಲದಲ್ಲಿ ಇಡಬಾರದು. ಹೊರತೆಗೆದು ಒರೆಸಿ, ಬೀಗ ಹಾಕುವ ಕಪಾಟಿನಲ್ಲಿ ಬೇರೆಯಾಗಿ ಇಡಬೇಕು.

ಮಳೆಗಾಲದಲ್ಲಿ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಬೇಕು. ಬಿಸಿಲಿಗೆ, ಒಲೆಯ ಹತ್ತಿರ ಇಟ್ಟರೆ ಬಿರಿಯುತ್ತದೆ. ಚಪ್ಪಲಿಗೆ ಹಚ್ಚುವಂತೆ ಹೋಲ್ಸ್ಟರಿಗೆ ಎಣ್ಣೆ ಹಚ್ಚಿ ನೆನೆಸಬಾರದು. ಚಪ್ಪಲಿ ಮೆತ್ತಗಾದರೆ ಕಾಲಿಗೆ ಹಿತ, ಹೋಲ್ಸ್ಟರ್ ಮೆತ್ತಗಾದರೆ ಅಪಾಯ.

ಕೈಡೆಕ್ಸ್, ಅಂದರೆ ಗಟ್ಟಿ ಪ್ಲಾಸ್ಟಿಕ್

ಇದು ಅಕ್ರಿಲಿಕ್ ಮತ್ತು ಪಿವಿಸಿ ಕೂಡಿದ ಪ್ಲಾಸ್ಟಿಕ್ ಹಾಳೆ. 1960ರ ದಶಕದಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ ವಿಮಾನಗಳ ಒಳಭಾಗಕ್ಕಾಗಿ ಇದನ್ನು ತಯಾರಿಸಿತು. ಕಾಯಿಸಿದರೆ ಮೆತ್ತಗಾಗಿ, ಅಚ್ಚಿಗೆ ಒತ್ತಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಹಾಳೆಯ ದಪ್ಪ ಸಾಮಾನ್ಯವಾಗಿ ಎರಡು ಮಿ.ಮೀ. ಆಸುಪಾಸು. ತೊಗಲಿಗಿಂತ ತೆಳು.

ಸುರಕ್ಷತೆಯ ಮೂರೂ ಕೆಲಸಗಳನ್ನು ಚೆನ್ನಾಗಿ ಮಾಡುವುದು ಇದೇ. ಬಾಯಿ ಮುಚ್ಚುವುದಿಲ್ಲ, ಟ್ರಿಗರಿನ ಭಾಗ ಗಟ್ಟಿಯಾಗಿ ಮುಚ್ಚಿರುತ್ತದೆ, ಹಿಡಿತವನ್ನು ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಬೆವರು ಹೀರುವುದಿಲ್ಲ. ಮಳೆಯಲ್ಲಿ ನೆಂದರೆ ಒರೆಸಿದರೆ ಆಯಿತು.

ಕೊರತೆ ಎಂದರೆ ಮೈಗೆ ಒತ್ತುವುದು. ಗಟ್ಟಿ ಅಂಚು ಸೊಂಟದ ಮೂಳೆಗೆ ತಾಗುತ್ತದೆ, ಚರ್ಮಕ್ಕೆ ಅಂಟಿಕೊಂಡ ಕಡೆ ಬೆವರು ಆರದೆ ತುರಿಕೆ ಬರುತ್ತದೆ. ಆಯುಧದ ಬಣ್ಣವೂ ತಿಕ್ಕಿ ತಿಕ್ಕಿ ಸವೆಯುತ್ತದೆ. ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ಕೂಡುವುದಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಆಕಾರ ಕೆಡುವ ಸಾಧ್ಯತೆ ಇದೆ.

ನೈಲಾನ್ ಮತ್ತು ರಬ್ಬರಿನಂಥ ಬಟ್ಟೆ

ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ನೈಲಾನ್ ಚೀಲ. ಹಗುರ, ತೊಳೆಯಬಹುದು, ಬೇಗ ಒಣಗುತ್ತದೆ. ಆದರೆ "ಎಲ್ಲ ರಿವಾಲ್ವರಿಗೂ ಆಗುತ್ತದೆ" ಎಂದು ಮಾರುವ ಚೀಲ ಯಾವ ರಿವಾಲ್ವರಿಗೂ ಸರಿಯಾಗಿ ಆಗುವುದಿಲ್ಲ. ಬಟ್ಟೆ ಮೆತ್ತಗಿರುವುದರಿಂದ ಹೊರಗಿನಿಂದ ಒತ್ತಿದರೂ ಟ್ರಿಗರ್ ಕೈಗೆ ಸಿಗುತ್ತದೆ. ಆಯುಧ ಒಳಗೆ ತಿರುಗುತ್ತದೆ.

ನಿಯೋಪ್ರೀನ್ ಅಥವಾ ಎಲಾಸ್ಟಿಕ್ ಸೊಂಟಪಟ್ಟಿ ಇನ್ನೊಂದು ಬಗೆ. ಧೋತರ, ಪಾಯಿಜಾಮ, ನೆಹರು ಶರ್ಟ್ ತೊಡುವವರಿಗೆ ಬೆಲ್ಟ್ ಇರುವುದಿಲ್ಲ. ಕ್ಲಿಪ್ಪಿನ ಹೋಲ್ಸ್ಟರ್ ಲಾಡಿಯ ಮೇಲೆ ನಿಲ್ಲುವುದಿಲ್ಲ, ತೂಕಕ್ಕೆ ಪಾಯಿಜಾಮವೇ ಜಾರುತ್ತದೆ. ಅಂಥವರಿಗೆ ಹೊಟ್ಟೆಗೆ ಸುತ್ತುವ ಪಟ್ಟಿಯೇ ಉಪಾಯ. ಆದರೆ ಪಟ್ಟಿಯ ಒಳಗೆ ಟ್ರಿಗರ್ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ ಗೂಡು ಇರುವುದನ್ನೇ ಕೊಳ್ಳಬೇಕು. ರಬ್ಬರಿನಂಥ ಪಟ್ಟಿಯೊಳಗೆ ಬೆವರು ಆವಿಯಾಗದು. ಎಪ್ರಿಲ್, ಮೇ ತಿಂಗಳಲ್ಲಿ ಇದನ್ನು ಇಡೀ ದಿನ ಕಟ್ಟಿಕೊಂಡಿರುವುದು ಕಷ್ಟ.

ಎರಡೂ ಕೂಡಿದ್ದು

ಮೈ ಕಡೆಗೆ ತೊಗಲು, ಹೊರಗೆ ಪ್ಲಾಸ್ಟಿಕ್ ಗೂಡು. ಇದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಅಗಲವಾದ ತೊಗಲು ತೂಕವನ್ನು ಹಂಚುತ್ತದೆ, ಪ್ಲಾಸ್ಟಿಕ್ ಟ್ರಿಗರನ್ನು ಕಾಯುತ್ತದೆ. ಹೆಚ್ಚು ತಾಸು ಕೂತು ಕೆಲಸ ಮಾಡುವ ವ್ಯಾಪಾರಿಗಳಿಗೆ ಇದು ಹೊಂದುತ್ತದೆ. ತೊಗಲಿನ ಭಾಗಕ್ಕೆ ಮೇಲೆ ಹೇಳಿದ ಆರೈಕೆ ಬೇಕೇ ಬೇಕು. ಸ್ಕ್ರೂಗಳು ಸಡಿಲವಾಗುವುದರಿಂದ ವಾರಕ್ಕೊಮ್ಮೆ ನೋಡಿಕೊಳ್ಳಬೇಕು. ತೊಗಲು ಮೆತ್ತಗಾಗಿ ಗೂಡಿನ ಬಾಯಿಯೊಳಗೆ ಮಡಚಿದರೆ ಅದನ್ನು ಬದಲಿಸಬೇಕು.

ಒಳಗೊಂದು ಬನಿಯನ್

ಯಾವ ಹೋಲ್ಸ್ಟರ್ ಆದರೂ ಬರಿ ಮೈಗೆ ತಾಗಬಾರದು. ನಡುವೆ ಉದ್ದನೆಯ ಹತ್ತಿ ಬನಿಯನ್ ಇದ್ದರೆ ಅರ್ಧ ತೊಂದರೆ ಕಡಿಮೆ. ಮಗ್ಗದ ಊರಾದ ಇಚಲಕರಂಜಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 7ರಿಂದ 8ರಷ್ಟು ತೇವ ಹಿಡಿಯುತ್ತದೆ, ನೈಲಾನ್ ಶೇ. 4ರಷ್ಟು, ಪಾಲಿಯೆಸ್ಟರ್ ಶೇ. 1ಕ್ಕಿಂತಲೂ ಕಡಿಮೆ. ಆದರೆ ಹತ್ತಿ ಪೂರ್ತಿ ತೊಯ್ದರೆ ಬೇಗ ಆರುವುದಿಲ್ಲ. ಆದ್ದರಿಂದ ಮಧ್ಯಾಹ್ನ ಬನಿಯನ್ ಬದಲಿಸುವುದು ಲೇಸು.

ಬೆಲ್ಟ್ ಕೂಡ ಹೋಲ್ಸ್ಟರಿನ ಭಾಗವೇ. ಒಂದೂವರೆ ಇಂಚು ಅಗಲದ, ಬಾಗದ ಗಟ್ಟಿ ಬೆಲ್ಟ್ ಇದ್ದರೆ ಸಾಧಾರಣ ಹೋಲ್ಸ್ಟರೂ ನೆಟ್ಟಗೆ ನಿಲ್ಲುತ್ತದೆ. ಪ್ಯಾಂಟಿನ ಸೊಂಟ ಎರಡು ಇಂಚು ಸಡಿಲ ಇರಲಿ. ಬೈಕಿನಲ್ಲಿ ಹೋಗುವವರು ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಳ್ಳಬಾರದು. ಕೂತಾಗ ನಳಿಗೆ ತೊಡೆಸಂದಿಗೆ ತಿರುಗಿರುತ್ತದೆ. ಸೊಂಟದ ಮೂಳೆಯ ಸ್ವಲ್ಪ ಹಿಂದೆ ಇರುವುದು ಒಳ್ಳೆಯದು.

ಹೊಲಿಸಿಕೊಳ್ಳುವವರು ಗಮನಿಸಿ

ತೊಗಲಿನ ಕೆಲಸದವರ ಬಳಿ ಹೊಲಿಸುವುದಾದರೆ ಅಳತೆಗೆಂದು ಆಯುಧವನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು. ಪರವಾನಗಿ ಇಲ್ಲದವರ ವಶಕ್ಕೆ ಆಯುಧ ಕೊಟ್ಟರೆ ಕೊಟ್ಟವರಿಗೂ ಇಟ್ಟುಕೊಂಡವರಿಗೂ ಕೇಸು. ಬಡಿಗೇರರಿಂದ ಅದೇ ಅಳತೆಯ ಮರದ ಅಚ್ಚು ಮಾಡಿಸಿ ಕೊಟ್ಟರೆ ಕೆಲಸ ಸಲೀಸು, ಅಚ್ಚು ಮುಂದೆಯೂ ಬರುತ್ತದೆ.

ಗಡಿ ದಾಟುವ ಮುನ್ನ

ಹೋಲ್ಸ್ಟರ್ ಬರೀ ಅನುಕೂಲದ ಮಾತಲ್ಲ, ಕಾನೂನಿನ ಮಾತೂ ಹೌದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್ಸ್ಟರ್ ಅಥವಾ ಅದಕ್ಕೆಂದೇ ಮಾಡಿದ ಚೀಲದಲ್ಲಿ, ಮೈಗೆ ಹೊಂದಿಸಿಕೊಂಡು, ತನ್ನ ಹಿಡಿತದಲ್ಲೇ ಇಟ್ಟುಕೊಳ್ಳಬೇಕು. ಹೊರತೆಗೆದು ಝಳಪಿಸುವಂತಿಲ್ಲ. ಮದುವೆ, ಮೆರವಣಿಗೆಗಳಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗಡಿ ಹಳ್ಳಿಗಳವರು ಮರೆಯುವುದು ಇನ್ನೊಂದು ಸಂಗತಿ. ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ. ಗಡಹಿಂಗ್ಲಜದಿಂದ ಸಂಕೇಶ್ವರ ಸಂತೆಗೆ, ಕಾಗಲದಿಂದ ಕೊಗನೊಳ್ಳಿ ದಾಟಿ ನಿಪ್ಪಾಣಿಗೆ, ಇಚಲಕರಂಜಿಯಿಂದ ಬೋರಗಾಂವಿಗೆ ಹೋಗುವುದು ದಿನದ ಮಾತು. ಬೀಗರು, ಹೊಲ, ವ್ಯಾಪಾರ ಎಲ್ಲವೂ ಎರಡೂ ಕಡೆ. ಆದರೆ ಪರವಾನಗಿಯಲ್ಲಿ ಮಹಾರಾಷ್ಟ್ರ ಎಂದಷ್ಟೇ ಇದ್ದರೆ ಆಯುಧ ಸೊಂಟದಲ್ಲಿಟ್ಟು ಆ ಕಡೆ ಕಾಲಿಡುವುದೇ ನಿಯಮಭಂಗ. ನಿಪ್ಪಾಣಿ, ಹುಕ್ಕೇರಿ ಕಡೆಯವರು ಇತ್ತ ಬಂದಾಗಲೂ ಇದೇ ಮಾತು. ಬಟ್ಟೆಯೊಳಗೆ ಕಾಣದಂತೆ ಇದೆ ಎಂಬುದು ಉತ್ತರವಾಗದು.

ಚುನಾವಣೆ ಬಂದಾಗಲೂ ಎಚ್ಚರ ಬೇಕು. ನೀತಿ ಸಂಹಿತೆ ಜಾರಿಯಾದೊಡನೆ ಜಿಲ್ಲಾಡಳಿತ ಪರವಾನಗಿ ಆಯುಧಗಳನ್ನು ಪರಿಶೀಲಿಸಿ, ಆದೇಶ ಬಂದವರು ಠಾಣೆಗೆ ಒಪ್ಪಿಸಬೇಕಾಗುತ್ತದೆ. 2024ರ ಲೋಕಸಭೆ ಚುನಾವಣೆಯಲ್ಲಿ ಕೊಲ್ಹಾಪುರ, ಹಾತಕಣಂಗಲೆ, ಚಿಕ್ಕೋಡಿ, ಬೆಳಗಾವಿ ನಾಲ್ಕೂ ಕ್ಷೇತ್ರಗಳಿಗೆ ಮೇ 7ರಂದೇ ಮತದಾನ ನಡೆಯಿತು. ವಿಧಾನಸಭೆಯ ಮಾತು ಹಾಗಲ್ಲ: ಕರ್ನಾಟಕದಲ್ಲಿ 2023ರ ಮೇ 10, ಮಹಾರಾಷ್ಟ್ರದಲ್ಲಿ 2024ರ ನವೆಂಬರ್ 20. ಈ ಕಡೆ ಚುನಾವಣೆ ಇಲ್ಲ ಎಂದುಕೊಂಡು ಆ ಕಡೆಯ ತಪಾಸಣಾ ನಾಕಾದಲ್ಲಿ ಸಿಕ್ಕಿಬೀಳುವುದು ಬೇಡ.

ಕೊಳ್ಳುವ ಮೊದಲು ಐದು ಪರೀಕ್ಷೆ

ಮೊದಲು ಎಲ್ಲ ಗುಂಡುಗಳನ್ನು ತೆಗೆದು ಬೇರೆ ಕೋಣೆಯಲ್ಲಿಡಿ. ಎರಡೆರಡು ಸಲ ನೋಡಿ.

1. ಹೋಲ್ಸ್ಟರಿನಲ್ಲಿಟ್ಟು ಹೊರಗಿನಿಂದ ಬೆರಳಿನಿಂದ ಒತ್ತಿರಿ. ಟ್ರಿಗರ್ ಅಲುಗಿದರೆ ಬೇಡ.

2. ಹಾಸಿಗೆಯ ಮೇಲೆ ತಲೆಕೆಳಗು ಹಿಡಿದು ಮೆಲ್ಲನೆ ಅಲುಗಾಡಿಸಿ. ಆಯುಧ ಬಿದ್ದರೆ ಬೇಡ.

3. ಹೊರತೆಗೆದ ಮೇಲೆ ಬಾಯಿ ತೆರೆದೇ ಇದೆಯೇ ನೋಡಿ.

4. ಕಟ್ಟಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಿ. ಊಟಕ್ಕೆ ಕೂತಾಗ ಚುಚ್ಚುವ ಹೋಲ್ಸ್ಟರನ್ನು ಯಾರೂ ನಾಲ್ಕು ದಿನಕ್ಕಿಂತ ಹೆಚ್ಚು ಕಟ್ಟುವುದಿಲ್ಲ.

5. ಬೈಕ್ ಅಥವಾ ಕಾರಿನ ಸೀಟಿನಲ್ಲಿ ಅರ್ಧ ತಾಸು ಕೂತು ನೋಡಿ.

ಒಟ್ಟಿನಲ್ಲಿ ಮಳೆ, ಬೆವರಿನಲ್ಲಿ ಹೆಚ್ಚು ಓಡಾಡುವವರಿಗೆ ಗಟ್ಟಿ ಪ್ಲಾಸ್ಟಿಕ್, ಅಂಗಡಿಯಲ್ಲಿ ಕೂರುವವರಿಗೆ ಹೈಬ್ರಿಡ್, ದಿನವೂ ಒರೆಸಿ ಒಣಗಿಸುವ ಶಿಸ್ತು ಇರುವವರಿಗೆ ತೊಗಟೆ ಹದದ ತೊಗಲು, ಧೋತರದವರಿಗೆ ಗಟ್ಟಿ ಗೂಡಿರುವ ಸೊಂಟಪಟ್ಟಿ ಸೂಕ್ತ. ಬರಿ ನೈಲಾನ್ ಚೀಲ ಯಾರಿಗೂ ಬೇಡ. ಹೋಲ್ಸ್ಟರ್ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಂತೂ ಬೇಡವೇ ಬೇಡ.