ಜೊವಾಯಿಯ ಯುವಕ ಬರೆದ ಕಾಗದಕ್ಕೆ ಉತ್ತರ ಬಂತು

ಮೇಘಾಲಯದಲ್ಲಿ ಸೆಪ್ಟೆಂಬರ್ 18ಕ್ಕೆ ನಮ್ಮ ಕಡೆ ಯಾರೂ ಕೇಳಿರದ ಒಂದು ರಜೆ ಇದೆ. ಅದು ಯುನಿಟೇರಿಯನ್ನರ ವಾರ್ಷಿಕೋತ್ಸವದ ದಿನ. 1887ರ ಆ ದಿನ ಖಾಸಿ ಯುವಕ ಹಾಜೊಮ್ ಕಿಸ್ಸೋರ್ ಸಿಂಗ್ ಜೊವಾಯಿ ಊರಿನ ತಮ್ಮ ಮನೆಯಲ್ಲಿ ಬೆರಳೆಣಿಕೆಯ ಜನರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸಿದರು. ವಯಸ್ಸು 22. ಪಾದ್ರಿ ಪಟ್ಟ ಇರಲಿಲ್ಲ, ಬೆನ್ನಿಗೆ ಯಾವ ಮಠವೂ ಇರಲಿಲ್ಲ. ಹೊಟ್ಟೆಪಾಡಿಗೆ ಸರ್ಕಾರಿ ಸರ್ವೆ ಕೆಲಸ.

ಯುನಿಟೇರಿಯನ್ನರು ಕ್ರೈಸ್ತ ಮತದೊಳಗಿಂದಲೇ ಹುಟ್ಟಿದವರು. ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೇಳಬೇಡಿ, ದೇವರು ಒಬ್ಬನೇ ಎನ್ನುವುದು ಅವರ ಮಾತು. ಶಾಲೆಯ ಪಾಠದಲ್ಲಿ ಓದಿದ ರಾಜಾರಾಮ ಮೋಹನ ರಾಯರು 1821ರಲ್ಲಿ ಕಲ್ಕತ್ತೆಯ ಯುನಿಟೇರಿಯನ್ ಸಮಿತಿಯಲ್ಲಿ ಇದ್ದವರು.

ಸಿಂಗ್ ಕಥೆ ಬೇರೆ. ಖಾಸಿ ಬೆಟ್ಟಗಳಿಗೆ ವೇಲ್ಸ್‌ನ ಮಿಷನರಿ ಥಾಮಸ್ ಜೋನ್ಸ್ ಬಂದದ್ದು 1841ರಲ್ಲಿ. ಖಾಸಿ ಭಾಷೆಗೆ ರೋಮನ್ ಅಕ್ಷರ ಹೊಂದಿಸಿಕೊಟ್ಟವರು ಅವರು. ಸಿಂಗ್ 15ರ ಹೊತ್ತಿಗೆ ಆ ಮಿಷನ್ ಸೇರಿದರು. ಆದರೆ ಯೇಸುವಿನ ಮಾತು ಹಿಡಿಸಿದಷ್ಟು ನರಕದ ಬೆದರಿಕೆ ಹಿಡಿಸಲಿಲ್ಲ. ಹಾಗೆಂದು ಹಿಂದಿನ ದೆವ್ವ-ಬಲಿಯ ಭಯಕ್ಕೆ ಮರಳುವ ಮನಸ್ಸೂ ಬರಲಿಲ್ಲ. ಚಿಕ್ಕ ಊರಿನಲ್ಲಿ ಎರಡೂ ಕಡೆಯವರನ್ನು ಬಿಟ್ಟು ನಿಲ್ಲುವುದು ಎಂದರೆ ಏನೆಂದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ತಮಾಷೆ ಏನೆಂದರೆ, ಮಿಷನ್ ಕೊಟ್ಟ ಅದೇ ಅಕ್ಷರದಲ್ಲೇ ಅವರು ತಮ್ಮ ಹೊಸ ಸಭೆಗೆ ಖಾಸಿ ಹಾಡು ಬರೆದರು.

ತಮ್ಮಂತೆ ಯೋಚಿಸುವವರು ಬೇರೆ ಕಡೆಯೂ ಇದ್ದಾರೆ ಎಂದು ಅವರಿಗೆ ತಿಳಿದದ್ದು ಕಲ್ಕತ್ತೆಯಲ್ಲಿದ್ದ ಅಮೆರಿಕದ ಚಾರ್ಲ್ಸ್ ಡಾಲ್ ಅವರಿಂದ. ಡಾಲ್ 1886ರಲ್ಲಿ ತೀರಿಕೊಂಡರು. ಆಮೇಲೆ ಸಿಂಗ್ ಬರೆದದ್ದು ಅಮೆರಿಕದ ಆ್ಯನ್ ಆರ್ಬರ್ ಊರಿನ ಪಾದ್ರಿ ಜಬೇಜ್ ಸಂಡರ್‌ಲ್ಯಾಂಡ್ ಅವರಿಗೆ. ಹಡಗಿನಲ್ಲಿ ಹೋಗಬೇಕಾದ ಕಾಗದ. ನಲವತ್ತು ದಾಟಿದ, ಪತ್ರಿಕೆ ನಡೆಸುತ್ತಿದ್ದ ಆ ಮನುಷ್ಯ ಎಲ್ಲೋ ಬೆಟ್ಟದ ಅಪರಿಚಿತ ಹುಡುಗನಿಗೆ ಉತ್ತರ ಬರೆದರು. ಕಾಗದಗಳು ಮುಂದುವರಿದವು. 1896ರಲ್ಲಿ ಸಂಡರ್‌ಲ್ಯಾಂಡ್ ತಾವೇ ಖಾಸಿ ಬೆಟ್ಟ ಹತ್ತಿ ಬಂದರು. ನಮಗೆ ಮುಖ್ಯ ಎನಿಸುವುದು ಇದು: ಬಂದರು, ಕಂಡರು, ಹುರಿದುಂಬಿಸಿದರು, ಹೊರಟರು. ಸಭೆಯ ಚುಕ್ಕಾಣಿ ಖಾಸಿಗಳ ಕೈಯಲ್ಲೇ ಉಳಿಯಿತು. (ಭಾರತದ ಸ್ವಾತಂತ್ರ್ಯದ ಪರ ಪುಸ್ತಕ ಬರೆದು, ಅದನ್ನು ಬ್ರಿಟಿಷರು ನಿಷೇಧಿಸಿದ್ದೂ ಇದೇ ಸಂಡರ್‌ಲ್ಯಾಂಡ್ ವಿಷಯದಲ್ಲೇ.)

ಯುವಕರನ್ನು ಬೆಳೆಸುವುದು ಎಂದರೆ ಪೂರ್ತಿ ಅವರ ಪಾಡಿಗೆ ಬಿಟ್ಟುಬಿಡುವುದೇ? ಅದನ್ನು ಅಮೆರಿಕದ ಯುನಿಟೇರಿಯನ್ನರೇ ಮುಂದೆ ಮಾಡಿ ನೋಡಿದರು. ಅಲ್ಲಿ ಯುನಿಟೇರಿಯನ್, ಯೂನಿವರ್ಸಲಿಸ್ಟ್ ಎಂಬ ಎರಡು ಪಂಗಡಗಳಿದ್ದವು. ಎರಡರ ಹುಡುಗ ಹುಡುಗಿಯರೂ 1954ರಲ್ಲಿ ‘ಲಿಬರಲ್ ರಿಲಿಜಿಯಸ್ ಯೂತ್’ ಎಂದು ಒಂದೇ ಸಂಘವಾದರು. ಹಿರಿಯರು ಒಂದಾಗಿದ್ದು 1961ರಲ್ಲಿ, ಅಂದರೆ ಏಳು ವರ್ಷ ತಡವಾಗಿ! ಸಂಘವನ್ನು ಯುವಕರೇ ನಡೆಸಿದರು, ಪದಾಧಿಕಾರಿಗಳೂ ಅವರೇ. ಹಬ್ಬದ ಪೆಂಡಾಲಿಗೆ ಕುರ್ಚಿ ಹೊರಿಸಿ ಲೆಕ್ಕದ ಪುಸ್ತಕ ತೋರಿಸದ ಸಮಿತಿಗಳನ್ನು ಕಂಡ ನಮಗೆ ಇದು ಹೊಟ್ಟೆಕಿಚ್ಚಿನ ಸಂಗತಿಯೇ. ಆದರೆ ಬರಬರುತ್ತಾ ಹಿರಿಯರು ದೂರ ಸರಿದರು, ಜೊತೆಗೆ ಕೂತು ಕೇಳುವವರು ಕಡಿಮೆಯಾದರು ಎಂಬ ದೂರು ಎದ್ದಿತು. 1980ರ ದಶಕದ ಆರಂಭದಲ್ಲಿ ಆ ಸಂಘ ಮುಗಿದು, ಹಿರಿಯರೂ ಜೊತೆಗಿರುವ ಬೇರೆ ಸಂಘ ಬಂತು. ನಮ್ಮ ಅನಿಸಿಕೆಯಲ್ಲಿ ಸಂಡರ್‌ಲ್ಯಾಂಡ್ ಕಾಗದ ಬರೆದೇ ಸಾಧಿಸಿದ್ದನ್ನು ಅವರ ಊರಿನವರೇ ಮರೆತಿದ್ದರು.

ಸಿಂಗ್ 1923ರಲ್ಲಿ ತೀರಿಕೊಂಡರು. 1936ರಲ್ಲಿ ಇಂಗ್ಲೆಂಡಿನ ಮಾರ್ಗರೇಟ್ ಬಾರ್ ಖಾಸಿ ಬೆಟ್ಟಕ್ಕೆ ಬಂದರು. ಮೊದಲು ಶಿಲ್ಲಾಂಗ್‌ನಲ್ಲಿ ಶಾಲೆ ನಡೆಸಿ, ಆಮೇಲೆ ಪೇಟೆ ಬಿಟ್ಟು ಖರಾಂಗ್ ಹಳ್ಳಿಗೆ ಹೋದರು. 1973ರಲ್ಲಿ ಸಾಯುವವರೆಗೂ ಖಾಸಿಗಳ ನಡುವೆಯೇ ಇದ್ದರು. ಸಿಂಗ್ ಬರೆದ ಹಾಡುಗಳನ್ನು ಆ ಬೆಟ್ಟದ ಸಭೆಗಳಲ್ಲಿ ಈಗಲೂ ಖಾಸಿಯಲ್ಲೇ ಹಾಡುತ್ತಾರೆ.