ಬೀಟಾ ಕ್ಯಾರೊಟೀನ್ ಗುಳಿಗೆಯ ಏಳುಬೀಳು

ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತುವನ್ನು 1831ರಲ್ಲಿ ಜರ್ಮನಿಯ ಹೈನ್‌ರಿಶ್ ವಾಕನ್‌ರೋಡರ್ ಹರಳುಗಳಾಗಿ ಬೇರ್ಪಡಿಸಿದ. ಸುಮಾರು ನೂರು ವರ್ಷ ಅದು ರಸಾಯನಶಾಸ್ತ್ರಜ್ಞರ ಕುತೂಹಲದ ವಸ್ತುವಾಗಿಯೇ ಉಳಿಯಿತು. ಇಲಿಗಳು ಈ ವಸ್ತುವನ್ನು ತಿಂದು ಯಕೃತ್ತಿನಲ್ಲಿ ವಿಟಮಿನ್ ಎ ಕೂಡಿಟ್ಟುಕೊಳ್ಳುತ್ತವೆ ಎಂದು 1930ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್ ತೋರಿಸಿದ ಮೇಲೆ ವೈದ್ಯಲೋಕದ ಗಮನ ಅದರತ್ತ ಹೊರಳಿತು. ಅದೇ ಹೊತ್ತಿಗೆ ಅದರ ಅಣುರಚನೆಯನ್ನು ಬಿಡಿಸಿದ ಜ್ಯೂರಿಕ್‌ನ ಪೌಲ್ ಕಾರರ್‌ಗೆ 1937ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 1950ರ ದಶಕದಲ್ಲಿ ಕಾರ್ಖಾನೆಯಲ್ಲೇ ತಯಾರಾಗತೊಡಗಿದ ಬೀಟಾ ಕ್ಯಾರೊಟೀನ್ ಮೊದಲು ಮಾರ್ಗರಿನ್ನಿಗೂ ತಂಪು ಪಾನೀಯಕ್ಕೂ ಬಣ್ಣವಾಗಿ ಹೋಯಿತು.

ಇದು ನಿರಪಾಯಕಾರಿ ಎಂಬ ನಂಬಿಕೆಗೆ ಆಧಾರವಿತ್ತು. ವಿಟಮಿನ್ ಎ ಅತಿಯಾದರೆ ಯಕೃತ್ತಿಗೂ ಗರ್ಭದ ಶಿಶುವಿಗೂ ಕೇಡು. ಬೀಟಾ ಕ್ಯಾರೊಟೀನನ್ನಾದರೋ ದೇಹ ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಹೆಚ್ಚು ಸೇವಿಸಿದವರ ಅಂಗೈ ಹಳದಿಯಾಗುತ್ತದೆ, ಅಷ್ಟೆ. ಬಿಸಿಲು ಸೋಕಿದರೆ ಚರ್ಮ ಉರಿಯುವ ಪ್ರೋಟೋಪೋರ್ಫೈರಿಯ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ 1970ರ ದಶಕದಿಂದ ಇದನ್ನು ಭಾರಿ ಪ್ರಮಾಣದಲ್ಲಿ ಕೊಟ್ಟಾಗಲೂ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ.

ಕ್ಯಾನ್ಸರಿನ ಮಾತು ಬಂದದ್ದು 1981ರಲ್ಲಿ. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬ ಸಮೀಕ್ಷೆಗಳನ್ನು ಮುಂದಿಟ್ಟುಕೊಂಡು ಬ್ರಿಟನ್ನಿನ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದರು. ಅದರ ಶೀರ್ಷಿಕೆಯೇ ಒಂದು ಪ್ರಶ್ನೆಯಾಗಿತ್ತು. ಗುಳಿಗೆ ಮಾರುವವರು ಆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿದಂತಿಲ್ಲ. ಸಂಶೋಧಕರು ಗಮನಿಸಿದರು.

1985ರಲ್ಲಿ ಫಿನ್‌ಲ್ಯಾಂಡಿನಲ್ಲಿ ಶುರುವಾದ ಪರೀಕ್ಷೆಗೆ 50ರಿಂದ 69 ವರ್ಷದ 29,133 ಧೂಮಪಾನಿ ಗಂಡಸರು ಸೇರಿದರು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಇಲ್ಲವೇ ವಿಟಮಿನ್ ಇ, ಇಲ್ಲವೇ ಎರಡೂ, ಇಲ್ಲವೇ ಔಷಧವಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಯಿತು. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ಎಲ್ಲರ ಎಣಿಕೆ ತಲೆಕೆಳಗಾಗಿತ್ತು. ಬೀಟಾ ಕ್ಯಾರೊಟೀನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು, ಒಟ್ಟು ಸಾವು ಶೇ. 8ರಷ್ಟು ಹೆಚ್ಚಿದ್ದವು. ಇದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಪರೀಕ್ಷೆಗೆ ಸೇರುವಾಗಲೇ ಊಟದಿಂದಾಗಿ ರಕ್ತದಲ್ಲಿ ಬೀಟಾ ಕ್ಯಾರೊಟೀನ್ ಹೆಚ್ಚಿದ್ದವರಿಗೆ, ಹುಸಿ ಗುಳಿಗೆಯ ಗುಂಪಿನಲ್ಲಿ, ಕ್ಯಾನ್ಸರ್ ಕಡಿಮೆಯೇ ಬಂದಿತ್ತು. ಅಂದರೆ ಹಳೆಯ ಸಮೀಕ್ಷೆಗಳು ಸುಳ್ಳಾಡಿರಲಿಲ್ಲ. ತಟ್ಟೆಯ ತುಂಬ ಇದ್ದ ತರಕಾರಿಯ ಗುಣವನ್ನು ಅದರೊಳಗಿನ ಒಂದೇ ವಸ್ತುವಿನ ಲೆಕ್ಕಕ್ಕೆ ಬರೆದದ್ದೇ ತಪ್ಪಾಗಿತ್ತು.

ಕಾಕತಾಳೀಯ ಇರಬಹುದೆಂಬ ಅನುಮಾನವನ್ನು ಅಮೆರಿಕದ 'ಕ್ಯಾರೆಟ್' ಹೆಸರಿನ ಪರೀಕ್ಷೆ ಅಳಿಸಿತು. ಧೂಮಪಾನಿಗಳು, ಆ ಚಟ ಬಿಟ್ಟವರು, ಆಸ್ಬೆಸ್ಟಾಸ್ ಕೆಲಸಗಾರರು ಸೇರಿ 18,314 ಮಂದಿಯ ಈ ಪರೀಕ್ಷೆಯಲ್ಲಿ 30 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಜೊತೆ ವಿಟಮಿನ್ ಎ ಕೊಡಲಾಗಿತ್ತು. ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಿದ್ದರಿಂದ 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ, ಗುಳಿಗೆ ನಿಲ್ಲಿಸಲಾಯಿತು. ಹೆಚ್ಚಿನವರು ಧೂಮಪಾನಿಗಳಲ್ಲದ 22,071 ಅಮೆರಿಕನ್ ವೈದ್ಯರ ಮೇಲೆ ಹನ್ನೆರಡು ವರ್ಷ ನಡೆದ ಪರೀಕ್ಷೆಯಲ್ಲಿ ಒಳಿತೂ ಇಲ್ಲ, ಕೆಡುಕೂ ಇಲ್ಲ.

ಹೊಗೆ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕ್ಯಾರೊಟೀನ್ ಉತ್ಕರ್ಷಣಗೊಂಡು ಹಾನಿಕರ ತುಣುಕುಗಳಾಗಿ ಒಡೆಯುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಫೆರೆಟ್ ಎಂಬ ಪ್ರಾಣಿಗಳ ಮೇಲಿನ ಪ್ರಯೋಗಗಳು ಇದನ್ನು ಬೆಂಬಲಿಸಿವೆ.

ಕಣ್ಣಿನ ಅಕ್ಷಿಪಟಲ ಸವೆಯುವ ಕಾಯಿಲೆಗೆ 2001ರಲ್ಲಿ ಅಮೆರಿಕದಲ್ಲಿ ಸೂಚಿಸಿದ ಮಿಶ್ರಣದಲ್ಲಿ 15 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಇತ್ತು. 2013ರ ಪರಿಷ್ಕೃತ ಮಿಶ್ರಣದಲ್ಲಿ ಅದನ್ನು ತೆಗೆದು ಲ್ಯೂಟೀನ್, ಜಿಯಾಜ್ಯಾಂಥಿನ್ ಸೇರಿಸಲಾಯಿತು. ಭಾರತದಲ್ಲಿ 1970ರಿಂದ ಇರುಳುಗುರುಡು ತಡೆಯಲು ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಕುಡಿಸುತ್ತಿರುವ ದ್ರಾವಣ ವಿಟಮಿನ್ ಎ. ಅದಕ್ಕೂ ಈ ಗುಳಿಗೆಯ ಅಪಾಯಕ್ಕೂ ಸಂಬಂಧವಿಲ್ಲ. ಕ್ಯಾರೆಟ್, ನುಗ್ಗೆಸೊಪ್ಪು, ಮಾವು, ಪಪ್ಪಾಯಿಗಳಿಗೂ ಇಲ್ಲ. ಕ್ಯಾನ್ಸರ್ ಅಥವಾ ಹೃದ್ರೋಗ ತಡೆಯಲೆಂದು ಬೀಟಾ ಕ್ಯಾರೊಟೀನ್ ಗುಳಿಗೆ ಸೇವಿಸಬಾರದು ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಮತ್ತೊಮ್ಮೆ ಹೇಳಿತು.