ಮೂರು ಮನೆಗಳಿಂದ ಮೂರು ಸಾವಿರ ಬಾಡಿಗೆದಾರರವರೆಗೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದ ನಮ್ಮ ಹಿರಿಯರು “ಬಾಡಿಗೆಗೆ ಕೊಟ್ಟು ನೋಡು” ಎಂಬ ಮೂರನೆಯ ಮಾತನ್ನು ಸೇರಿಸಲು ಮರೆತರೆಂದು ತೋರುತ್ತದೆ. ನನ್ನೊಡನೆ ನಿವೃತ್ತರಾದ ಉಪಾಧ್ಯಾಯ ಮಿತ್ರರಲ್ಲಿ ಕೆಲವರು ಗ್ರಾಚ್ಯುಟಿಯ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ, ಇದ್ದ ಮನೆಯ ಮೇಲೆ ಅಂತಸ್ತು ಏರಿಸಿ, ಹಿತ್ತಲಿನಲ್ಲಿ ಇನ್ನೆರಡು ಸಣ್ಣ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದಾರೆ. ಭೇಟಿಯಾದಾಗಲೆಲ್ಲ ಅವರ ಮಾತು ಒಂದೇ. ಒಂದು ಮನೆಯಿದ್ದಾಗ ಬಾಡಿಗೆಯವರ ಮಕ್ಕಳ ಹೆಸರೂ ಗೊತ್ತಿತ್ತು. ಆರು ಮನೆಗಳಾದ ಮೇಲೆ ಯಾವ ಮನೆಯ ನಲ್ಲಿ ಸೋರುತ್ತಿದೆಯೆಂಬುದೂ ತಿಳಿಯುವುದಿಲ್ಲ. ಮನೆಗಳು ಹೆಚ್ಚಿದಂತೆ ಮಾಲೀಕನಿಗೂ ಬಾಡಿಗೆದಾರನಿಗೂ ನಡುವಿನ ದೂರ ಹೆಚ್ಚುತ್ತದೆ. ಆ ದೂರ ಹೆಚ್ಚದಂತೆ ಮನೆಗಳನ್ನು ಹೆಚ್ಚಿಸಲು ಸಾಧ್ಯವೇ?

ಈ ಪ್ರಶ್ನೆಗೆ ನೂರ ಅರವತ್ತು ವರ್ಷಗಳ ಹಿಂದೆ ಲಂಡನ್ನಿನ ಮಹಿಳೆಯೊಬ್ಬಳು ಕೈಯಾರೆ ಉತ್ತರ ಹುಡುಕಿದಳು. ಆಕೆಯ ಹೆಸರು ಆಕ್ಟೇವಿಯಾ ಹಿಲ್. ಪ್ರೌಢಶಾಲೆಯಲ್ಲಿ ನಾನು ಬೋಧಿಸುತ್ತಿದ್ದ ಚರಿತ್ರೆಯ ಪಾಠದಲ್ಲಿ ಕೈಗಾರಿಕಾ ಕ್ರಾಂತಿಯ ಯಂತ್ರಗಳಿಗೆ ಪುಟಗಟ್ಟಲೆ ಸ್ಥಳವಿತ್ತು. ಆ ಯಂತ್ರಗಳನ್ನು ನಡೆಸಿದವರು ರಾತ್ರಿ ಎಲ್ಲಿ ಮಲಗುತ್ತಿದ್ದರೆಂಬುದಕ್ಕೆ ಎರಡು ಸಾಲು ಮಾತ್ರ. ಆ ಎರಡು ಸಾಲುಗಳ ಹಿಂದಿರುವ ಕಥೆಯಿದು.

1801ರಲ್ಲಿ ಸುಮಾರು 10 ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1861ರ ವೇಳೆಗೆ 28 ಲಕ್ಷ ಮುಟ್ಟಿತ್ತು. ಕೂಲಿ ಅರಸಿ ಬಂದವರಿಗೆ ಮನೆಗಳಿರಲಿಲ್ಲ. ಹಳೆಯ ಮನೆಗಳನ್ನೇ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುತ್ತಿದ್ದರು. ಒಂದು ಕೋಣೆಯಲ್ಲಿ ಒಂದು ಸಂಸಾರ. ಜಮೀನಿನ ಒಡೆಯನೊಬ್ಬ, ಗುತ್ತಿಗೆದಾರ ಮತ್ತೊಬ್ಬ, ವಸೂಲಿಗೆ ಬರುವವನು ಮಗದೊಬ್ಬ. ಹೀಗಾಗಿ ಮಾಡು ಸೋರಿದರೆ ಯಾರನ್ನು ಕೇಳಬೇಕೆಂಬುದೇ ಬಡವನಿಗೆ ತಿಳಿಯುತ್ತಿರಲಿಲ್ಲ.

ಆಕ್ಟೇವಿಯಾ ಹುಟ್ಟಿದ್ದು 1838ರಲ್ಲಿ. ಆಕೆ ಎಳೆಯ ಕೂಸಾಗಿದ್ದಾಗಲೇ, 1840ರಲ್ಲಿ, ತಂದೆ ದಿವಾಳಿಯಾದನು. ತಾಯಿಯ ತಂದೆ ಡಾ. ಸೌತ್‌ವುಡ್ ಸ್ಮಿತ್ ನಗರ ನೈರ್ಮಲ್ಯಕ್ಕಾಗಿ ದುಡಿದ ವೈದ್ಯ. ಹದಿನಾಲ್ಕು ತುಂಬುವುದರೊಳಗೆ ಬಡಮಕ್ಕಳು ಆಟಿಕೆ ತಯಾರಿಸುವ ಕಾರ್ಯಾಗಾರವೊಂದರ ಉಸ್ತುವಾರಿ ಆಕೆಯ ಹೆಗಲೇರಿತು. ಬಡತನವನ್ನು ಆಕೆ ಪುಸ್ತಕದಿಂದ ಕಲಿಯಲಿಲ್ಲ.

ಆಕೆಯ ಕೆಲಸಕ್ಕೆ ಬಂಡವಾಳ ಒದಗಿಸಿದವನು ಜಾನ್ ರಸ್ಕಿನ್. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. 1904ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕಾದ ರೈಲಿನಲ್ಲಿ ರಾತ್ರಿಯೆಲ್ಲ ಓದಿ, ಮುಂದೆ ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ಇಳಿಸಿದ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕದ ಲೇಖಕನೇ ಈತ. ತಂದೆಯಿಂದ ಬಂದ ಆಸ್ತಿಯಲ್ಲಿ 750 ಪೌಂಡು ವೆಚ್ಚ ಮಾಡಿ ರಸ್ಕಿನ್ 1865ರಲ್ಲಿ ಮ್ಯಾರಿಲಬೋನ್ ಪ್ರದೇಶದ ಪ್ಯಾರಡೈಸ್ ಪ್ಲೇಸ್ ಎಂಬ ಗಲ್ಲಿಯಲ್ಲಿ ಮೂರು ಮನೆಗಳ ಗುತ್ತಿಗೆ ಹಕ್ಕನ್ನು ಕೊಂಡು ಆಕೆಯ ವಶಕ್ಕೆ ಕೊಟ್ಟನು. ಆತನ ಸಲಹೆ ಸ್ಪಷ್ಟವಾಗಿತ್ತು: ಹೂಡಿದ ಹಣಕ್ಕೆ ಶೇಕಡ 5ರ ಪ್ರತಿಫಲ ಬಂದರೆ ಇತರರೂ ಇಂಥ ಕೆಲಸಕ್ಕೆ ಹಣ ತೊಡಗಿಸಿಯಾರು. ಎಂದರೆ 750 ಪೌಂಡಿಗೆ ವರ್ಷಕ್ಕೆ 37 ಪೌಂಡು 10 ಷಿಲಿಂಗು. ಇದು ದಾನವೂ ಅಲ್ಲ, ಸುಲಿಗೆಯೂ ಅಲ್ಲ.

ಪ್ಯಾರಡೈಸ್ ಎಂದರೆ ಸ್ವರ್ಗ, ಇದ್ದದ್ದು ನರಕ. ಗೋಡೆಯ ಗಾರೆ ಉದುರುತ್ತಿತ್ತು. ಚರಂಡಿ ಕಟ್ಟಿಕೊಂಡಿತ್ತು. ಮೆಟ್ಟಿಲ ಪಕ್ಕದ ಮರದ ಕಟಕಟೆ ಚಳಿಗಾಲದ ಸೌದೆಯಾಗಿ ಉರಿದುಹೋಗಿತ್ತು. ಆಕೆ ಕೈಗೆತ್ತಿಕೊಂಡ ಮೊದಲ ಮನೆಗಳಲ್ಲಿ 192 ಕಿಟಕಿ ಗಾಜುಗಳ ಪೈಕಿ ಒಡೆಯದೆ ಉಳಿದಿದ್ದವು ಎಂಟು ಮಾತ್ರ.

ಆಕೆ ಎಲ್ಲವನ್ನೂ ಒಮ್ಮೆಲೇ ಹೊಸದಾಗಿಸಲಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಚರಂಡಿ, ನೀರು, ಮಾಡುಗಳನ್ನು ಮೊದಲು ಸರಿಪಡಿಸಿದಳು. ಕೋಣೆಯೊಳಗಿನ ಸುಧಾರಣೆಯನ್ನು, ವಾಸವಿರುವವರು ಮನೆಯನ್ನು ಜೋಪಾನ ಮಾಡುತ್ತಾರೆಂದು ಖಾತ್ರಿಯಾದಂತೆಲ್ಲ ಒಂದೊಂದಾಗಿ ಕೈಗೊಂಡಳು. ಬಾಡಿಗೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು: ವಾರಕ್ಕೊಮ್ಮೆ ತಾನೇ ಬಾಗಿಲಿಗೆ ಹೋಗಿ ವಸೂಲಿ ಮಾಡುವಳು, ಬಾಕಿ ಬೆಳೆಯಲು ಬಿಡುವವಳಲ್ಲ. ಬಾಡಿಗೆ ಕೇಳಲು ಹೋದವಳ ಕಣ್ಣಿಗೆ ಮುರಿದ ಅಗುಳಿ, ಕಾಯಿಲೆ ಬಿದ್ದ ಮಗು, ಕೆಲಸ ಕಳೆದುಕೊಂಡ ಗಂಡಸು ಎಲ್ಲವೂ ಬೀಳುತ್ತಿದ್ದವು. ವಸೂಲಿಯೇ ತಪಾಸಣೆಯೂ ಆಯಿತು, ಪರಿಚಯವೂ ಆಯಿತು.

ನನಗೆ ಅತ್ಯಂತ ಮೆಚ್ಚಿಗೆಯಾದದ್ದು ದುರಸ್ತಿಯ ಲೆಕ್ಕ. ಪ್ರತಿಯೊಂದು ಮನೆಗೂ ವರ್ಷಕ್ಕೆ ಇಷ್ಟೆಂದು ದುರಸ್ತಿ ಹಣವನ್ನು ಮೀಸಲಿಡುತ್ತಿದ್ದಳು. ಒಡೆತ ಬಡಿತ ಕಡಿಮೆಯಾಗಿ ಹಣ ಉಳಿದರೆ ಅದು ಮಾಲೀಕನ ಜೇಬಿಗೆ ಸೇರುತ್ತಿರಲಿಲ್ಲ; ಅದರಿಂದ ಯಾವ ಸೌಕರ್ಯ ಬೇಕೆಂದು ಬಾಡಿಗೆದಾರರೇ ಹೇಳಬಹುದಿತ್ತು. ಗಾಜು ಒಡೆದರೆ ನಷ್ಟ ಯಾರಿಗೆಂದು ಮಕ್ಕಳಿಗೂ ಅರ್ಥವಾಯಿತು. ಕೆಲಸವಿಲ್ಲದ ದಿನಗಳಲ್ಲಿ ಬಾಡಿಗೆದಾರರಿಗೇ ದುರಸ್ತಿಯ ಕೂಲಿ ಕೊಡುತ್ತಿದ್ದಳು; ದೊಡ್ಡ ಹುಡುಗಿಯರು ಮೆಟ್ಟಿಲು ತೊಳೆದು ಕಾಸು ಪಡೆಯುತ್ತಿದ್ದರು. ಇಷ್ಟಾಗಿಯೂ ಶೇಕಡ 5 ಕೈಗೆ ಬಂತು.

ಇನ್ನು ಬೆಳವಣಿಗೆ. 1866ರಲ್ಲಿ ರಸ್ಕಿನ್ ಫ್ರೆಷ್‌ವಾಟರ್ ಪ್ಲೇಸ್‌ನಲ್ಲಿ ಇನ್ನೂ ಐದು ಮನೆಗಳನ್ನು ಕೊಂಡನು. ಅಲ್ಲಿನ ಹೊಲಸು ಬಯಲು ಮಕ್ಕಳ ಆಟದ ಅಂಗಳವಾಯಿತು. ಲೆಕ್ಕ ಸರಿಯಾಗಿದೆಯೆಂದು ಕಂಡ ಇತರ ಹಣವಂತರೂ ಮನೆಗಳನ್ನು ಕೊಂಡು ಆಕೆಗೆ ಒಪ್ಪಿಸಿದರು. 1874ರ ವೇಳೆಗೆ 15 ಕಡೆಗಳಲ್ಲಿ ಸುಮಾರು 3,000 ಬಾಡಿಗೆದಾರರು ಆಕೆಯ ವ್ಯವಸ್ಥೆಗೆ ಒಳಪಟ್ಟಿದ್ದರು. 1884ರಲ್ಲಿ ಇಂಗ್ಲೆಂಡಿನ ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಲಿಯೇ ಸದರ್ಕ್ ಪ್ರದೇಶದ ತನ್ನ ಮನೆಗಳನ್ನು ಆಕೆಯ ಕೈಗಿತ್ತಿತು.

ಇಷ್ಟು ಮನೆಗಳ ಬಾಗಿಲನ್ನು ಒಬ್ಬಳೇ ತಟ್ಟಲಾಗದು. ಆಕೆ ದೊಡ್ಡ ಕಚೇರಿ ತೆರೆಯಲಿಲ್ಲ, ದಲ್ಲಾಳಿಗಳನ್ನು ನೇಮಿಸಲಿಲ್ಲ. ವಿದ್ಯಾವಂತ ಹೆಂಗಸರಿಗೆ ತರಬೇತಿ ಕೊಟ್ಟು, ಒಬ್ಬೊಬ್ಬರಿಗೆ ಕೈಗೆಟುಕುವಷ್ಟು ಮನೆಗಳನ್ನು ವಹಿಸಿದಳು. ವಸೂಲಿ, ಲೆಕ್ಕಪತ್ರ, ದುರಸ್ತಿ ಎಲ್ಲವೂ ಅವರದೇ ಹೊಣೆ. ಆಲದ ಮರ ಬಿಳಲು ಬಿಟ್ಟು ಹರಡುವಂತೆ, ಪ್ರತಿ ಬಿಳಲೂ ತನ್ನ ನೆಲದಲ್ಲಿ ಬೇರೂರಿತು. ಮೊದಲು ಕೇಳಿದ ಪ್ರಶ್ನೆಗೆ ಆಕೆಯ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ: ಮನೆಗಳ ಸಂಖ್ಯೆ ಬೆಳೆಯಲಿ, ಆದರೆ ಒಬ್ಬರು ನೋಡಿಕೊಳ್ಳುವ ಮನೆಗಳ ಸಂಖ್ಯೆ ಬೆಳೆಯಬಾರದು.

ಆಕೆಯ ಕೆಲಸದ ಮಿತಿಗಳನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಬಾಡಿಗೆ ಕೊಡದವರನ್ನು ಆಕೆ ಹೊರಹಾಕುತ್ತಿದ್ದಳು. ದಿನಗೂಲಿಯೂ ನಿಶ್ಚಿತವಲ್ಲದ ಕಡುಬಡವರಿಗೆ ಅಲ್ಲಿ ನೆಲೆ ಸಿಗುವುದು ಕಷ್ಟವಿತ್ತು. ಬಾಡಿಗೆಯೊಡನೆ ನಡತೆಯ ಮೇಲೂ ಒಡತಿಯ ಕಣ್ಣಿರುವುದು ಸ್ವಾಭಿಮಾನಿಗಳಿಗೆ ಹಿತವಾಗಿರಲಾರದು. ಸರಕಾರವಾಗಲಿ ಪೌರಸಂಸ್ಥೆಯಾಗಲಿ ಮನೆ ಕಟ್ಟಿಕೊಡುವುದನ್ನು ಆಕೆ ವಿರೋಧಿಸಿದಳು. ಆದರೆ ಲಕ್ಷಾಂತರ ಜನರ ನಗರಕ್ಕೆ ಕೆಲವು ಸಾವಿರ ಕೋಣೆಗಳು ಎಷ್ಟರ ಮಟ್ಟಿನವು? ಲಂಡನ್ ಕೌಂಟಿ ಕೌನ್ಸಿಲ್ಲು ಕಟ್ಟಿಸಿದ ಬೌಂಡರಿ ಎಸ್ಟೇಟ್ 1900ರಲ್ಲಿ ಉದ್ಘಾಟನೆಯಾಯಿತು. 1919ರ ವಸತಿ ಕಾಯ್ದೆಯು ಸರಕಾರದ ನೆರವನ್ನು ಪದ್ಧತಿಯಾಗಿಯೇ ಮಾಡಿತು. ಅಷ್ಟರಲ್ಲಿ ಆಕೆ ತೀರಿಕೊಂಡು ಏಳು ವರ್ಷಗಳಾಗಿದ್ದವು. ತನ್ನ ದಾರಿಯನ್ನೇ ಕುರುಡಾಗಿ ಅನುಸರಿಸಬೇಡಿರೆಂದು 1898ರಲ್ಲಿ ಆಕೆ ತನ್ನ ಸಂಗಡಿಗರಿಗೆ ಹೇಳಿದ್ದುದನ್ನೂ ನೆನೆಯಬೇಕು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ವಠಾರಗಳು ನೆನಪಾಗುತ್ತವೆ. ಬಿ.ಎಡ್. ಓದುವಾಗ ಮೈಸೂರಿನ ಒಂದು ವಠಾರದಲ್ಲಿ ನಾನಿದ್ದೆ. ನಡುವೆ ಅಂಗಳ, ಒಂದು ಬಾವಿ, ಒಂದು ನಲ್ಲಿ, ಸುತ್ತ ಏಳು ಸಣ್ಣ ಮನೆಗಳು. ಮುಂದಿನ ಮನೆಯಲ್ಲಿ ಮಾಲೀಕರಾದ ಅಜ್ಜಿ. ತಿಂಗಳ ಐದನೆಯ ತಾರೀಖಿಗೆ ಅವರೇ ಬಂದು ಬಾಡಿಗೆ ಪಡೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೋಗುವಾಗ ಹೆಂಚು ಸರಿದಿರುವುದನ್ನು ನೋಡಿಕೊಂಡೇ ಹೋಗುವರು. ಅವರು ಆಕ್ಟೇವಿಯಾಳ ಹೆಸರನ್ನೂ ಕೇಳಿದವರಲ್ಲ. ಮುಂದೆ ಅನೇಕ ವಠಾರಗಳ ಒಡೆತನ ದೂರದ ಊರಿನ ವಾರಸುದಾರರಿಗೆ ಹೋಯಿತು, ಹೆಂಚುಗಳನ್ನು ನೋಡುವವರಿಲ್ಲವಾದರು.

ಕಾನೂನು ತನ್ನ ಕೆಲಸ ಮಾಡಿದೆ. ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನಕ್ಕೆ 1999ರ ಬಾಡಿಗೆ ಕಾಯ್ದೆಯು 2001ರ ಡಿಸೆಂಬರ್ 31ರಂದು ಬಂತು. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯ್ದೆಯು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ಇವೆಲ್ಲ ಅಗತ್ಯವೇ. ಆದರೆ ಮಾಡು ಸೋರುತ್ತಿರುವುದನ್ನು ಕಾಯ್ದೆ ತಾನಾಗಿ ಬಂದು ನೋಡದು.

ಆದುದರಿಂದ ಏಳನೆಯ ಮನೆ ಕಟ್ಟಲು ಹೊರಟಿರುವ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೇ. ಬರುವ ಬಾಡಿಗೆಯನ್ನು ಲೆಕ್ಕ ಹಾಕುವ ಮೊದಲು ದುರಸ್ತಿಯ ಪಾಲನ್ನು ತೆಗೆದಿಡಿ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬಂದರೂ ತಿಂಗಳಿಗೊಮ್ಮೆ ಬಾಗಿಲು ತಟ್ಟಿ, ನೀರು ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ. ಅಷ್ಟಕ್ಕೆ ಕಾಲು ಸೋತರೆ, ಆರೇ ಮನೆ ಸಾಕು.